ಅತ್ತೆ ಒತ್ತಿದ ಬ್ರೇಕು

ನಮ್ಮ ಓಮ್ನಿ ವ್ಯಾನು ಗಿರಣಿಯ ಉಮಿ ರಾಶಿಗೆ ನುಗ್ಗಿದಾಗ ಸ್ಟಿಯರಿಂಗ್ ಹಿಡಿದಿದ್ದವಳು ನಾನು. ಅದರ ಬ್ರೇಕು ರಿಪೇರಿ ಮಾಡಿದವಳೂ ನಾನೇ. ಹಾಗಾಗಿ ಬೈಯುವುದಕ್ಕೆ ಬೇರೆ ಯಾರನ್ನೂ ಹುಡುಕಬೇಕಾಗಿರಲಿಲ್ಲ.

ಆಗ ಕೊಪ್ಪದಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿರಲಿಲ್ಲ. ಬಂದವರೂ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಪೇಟೆಯ ಅಂಚಿನಲ್ಲಿ, ಅಕ್ಕಿ ಗಿರಣಿಗಿಂತ ತುಸು ಎತ್ತರದಲ್ಲಿ ನಮ್ಮ ಮನೆ. ನಮ್ಮದು ಪಾತ್ರೆ ಬಾಡಿಗೆಗೆ ಕೊಡುವ ವ್ಯವಹಾರ. ಮಾವ ತೀರಿಕೊಂಡ ಮೇಲೆ ಅತ್ತೆ ಎರಡು ಕೊಪ್ಪರಿಗೆ, ಒಂದಿಷ್ಟು ಸ್ಟೀಲ್ ಲೋಟ ಇಟ್ಟುಕೊಂಡು ಶುರು ಮಾಡಿದ್ದು. ನಾನು ಮದುವೆಯಾಗಿ ಬರುವಷ್ಟರಲ್ಲಿ ಅದು ಹಂಡೆ, ಬಾಣಲೆ, ಬೆಂಚು, ಕುರ್ಚಿ, ಶಾಮಿಯಾನದವರೆಗೆ ಬೆಳೆದಿತ್ತು. ಮದುವೆ, ಉಪನಯನ, ಶ್ರಾದ್ಧ, ಶೃಂಗೇರಿಯ ಕಡೆಯ ಮನೆಗಳ ಪೂಜೆ, ಬಸರೀಕಟ್ಟೆಯ ಎಸ್ಟೇಟಿನ ಊಟ, ಎಲ್ಲಕ್ಕೂ ನಮ್ಮ ಪಾತ್ರೆಗಳು ಹೋಗುತ್ತಿದ್ದವು.

ಮೊದಲೆಲ್ಲ ಬಾಡಿಗೆ ಜೀಪಿನಲ್ಲಿ ಕಳಿಸುತ್ತಿದ್ದೆವು. ಆದರೆ ಮದುವೆಯ ಕಾಲದಲ್ಲಿ ಜೀಪಿನವರಿಗೂ ಪುರುಸೊತ್ತಿರುವುದಿಲ್ಲ. ಒಂದು ಸಲ ಅಡಿಗೆಯವರು ಒಲೆ ಹೂಡಿಕೊಂಡು ಕಾಯುತ್ತಿದ್ದರೂ ಜೀಪು ಬರಲೇ ಇಲ್ಲ. ಆವತ್ತು ಅತ್ತೆ ತೀರ್ಮಾನ ಮಾಡಿಬಿಟ್ಟರು. ಹೀಗೆ ಸೆಕೆಂಡ್ ಹ್ಯಾಂಡ್ ಓಮ್ನಿ ಬಂತು. ಓಡಿಸುವವರು ಯಾರು ಎಂಬ ಪ್ರಶ್ನೆ ಆಮೇಲೆ ಬಂತು. ನಮ್ಮ ಯಜಮಾನರು ಶೃಂಗೇರಿಯ ಒಂದು ಶಾಲೆಯಲ್ಲಿ ಗುಮಾಸ್ತರು. ಬಸ್ಸಿನಲ್ಲಿ ಕೂತರೇ ಹೊಟ್ಟೆ ತೊಳೆಸುವ ಮನುಷ್ಯ. ಲಿಂಬೆಹಣ್ಣು ಮೂಸಿಕೊಂಡೇ ದಿನಾ ಹೋಗಿ ಬರುತ್ತಿದ್ದರು.

"ನಾನು ಕಲೀತೀನಿ" ಎಂದೆ.

"ಕಲಿ. ಜೀಪಿನವನ ಕಾಲು ಹಿಡಿಯೋದಕ್ಕಿಂತ ಅದು ವಾಸಿ" ಎಂದರು ಅತ್ತೆ.

ನನ್ನ ತವರು ನಾರ್ವೆ. ಅಪ್ಪ ಪಂಪ್‌ಸೆಟ್ಟು, ಟಿಲ್ಲರು ಎಲ್ಲವನ್ನೂ ತಾವೇ ಬಿಚ್ಚಿ ಜೋಡಿಸುತ್ತಿದ್ದವರು. ಅವರು ಕೆಳಗೆ ಕೂತು ಕೈ ಚಾಚಿದರೆ ಯಾವ ಸ್ಪ್ಯಾನರ್ ಕೊಡಬೇಕೆಂದು ಕೇಳದೆಯೇ ಗೊತ್ತಾಗುವಷ್ಟು ನಾನು ಅವರ ಪಕ್ಕ ಕೂತಿದ್ದೇನೆ. ಆದ್ದರಿಂದ ವ್ಯಾನು ಬಂದ ಮೇಲೆ ಅದರ ಸಣ್ಣಪುಟ್ಟ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಆಯಿಲ್ ಬದಲಾಯಿಸುವುದು, ಪ್ಲಗ್ ತೊಳೆಯುವುದು, ಬ್ರೇಕ್ ಪ್ಯಾಡ್ ಹಾಕುವುದು ಇವೆಲ್ಲ ನನಗೆ ಬರುತ್ತಿತ್ತು. ಪ್ಯಾಡ್ ಹಾಕುವುದನ್ನು ನಮ್ಮ ಗ್ಯಾರೇಜಿನವರೇ ಹೇಳಿಕೊಟ್ಟಿದ್ದರು.

ಆ ಬೇಸಿಗೆಯಲ್ಲಿ ಬ್ರೇಕ್ ಒತ್ತಿದರೆ ವ್ಯಾನು ಎಡಕ್ಕೆ ಎಳೆಯತೊಡಗಿತು. ಒಂದು ದಿನ ಶೃಂಗೇರಿಯಿಂದ ಬಂದು ನಿಲ್ಲಿಸಿದರೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಗ್ಯಾರೇಜಿನವರು ಜಾಕಿ ಹಾಕಿ, ಚಕ್ರ ತಿರುಗಿಸಿ ನೋಡಿದರು.

"ಕ್ಯಾಲಿಪರ್ ಜಾಮ್ ಆಗಿದೆ ಅಮ್ಮಾ. ಇನ್ನೊಂದರದ್ದೂ ಅದೇ ಕಥೆ. ಎರಡೂ ಬದಲಾಯಿಸಿಬಿಡಿ."

ಕ್ಯಾಲಿಪರ್ ಎಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕಬ್ಬಿಣದ ಮುಷ್ಟಿ. ನಾವು ಪೆಡಲ್ ಒತ್ತಿದಾಗ ಪೈಪಿನಲ್ಲಿರುವ ಬ್ರೇಕ್ ಆಯಿಲ್ ಆ ಮುಷ್ಟಿಯನ್ನು ಬಿಗಿಯುತ್ತದೆ. ನಮ್ಮದರಲ್ಲಿ ಮುಷ್ಟಿ ಬಿಗಿಯುತ್ತಿತ್ತು, ಬಿಡಲು ಮನಸ್ಸು ಮಾಡುತ್ತಿರಲಿಲ್ಲ.

ಬದಲಾಯಿಸಿ ಎಂದವರು ತಾವೇ ಬದಲಾಯಿಸುವ ಸ್ಥಿತಿಯಲ್ಲಿರಲಿಲ್ಲ. ಅವರ ಮಗಳ ಮದುವೆ ಹತ್ತಿರ ಬಂದಿತ್ತು. ಅದಕ್ಕೆ ಪಾತ್ರೆಯೂ ನಮ್ಮದೇ. ಗ್ಯಾರೇಜಿಗೆ ಬೀಗ ಹಾಕಿ ಅವರು ಊರಿಗೆ ಹೊರಟರು. ಉಳಿದ ಗ್ಯಾರೇಜುಗಳಲ್ಲಿ ಜೀಪುಗಳು ಸಾಲು ನಿಂತಿದ್ದವು. ನಮಗೋ ನರಸಿಂಹರಾಜಪುರದಲ್ಲಿ ಒಂದು ಉಪನಯನಕ್ಕೆ ಪಾತ್ರೆ ತಲುಪಿಸಬೇಕಿತ್ತು.

"ನಾನೇ ಹಾಕ್ತೀನಿ" ಎಂದೆ.

ಶಿವಮೊಗ್ಗದ ಒಂದು ಅಂಗಡಿಗೆ ಫೋನ್ ಮಾಡಿದೆವು. ರಿಪೇರಿ ಮಾಡಿಟ್ಟ ಕ್ಯಾಲಿಪರ್ ಕೊಡುತ್ತಾರೆ, ಬದಲಿಗೆ ನಮ್ಮ ಹಳೆಯದನ್ನು ಕಳಿಸಬೇಕು. ಬಸ್ಸಿನಲ್ಲಿ ಪಾರ್ಸೆಲ್ ಬಂತು. ವ್ಯಾನನ್ನು ಜಾಕಿಯಿಂದೆತ್ತಿ ಕಲ್ಲಿನ ಮೇಲೆ ಕೂರಿಸಿ, ಹಳೆಯದೆರಡನ್ನೂ ಬಿಚ್ಚಿ, ಗೋಣಿಯಲ್ಲಿ ಕಟ್ಟಿ ಅದೇ ಬಸ್ಸು ವಾಪಸ್ ಹೋಗುವಾಗ ಕಂಡಕ್ಟರ್ ಕೈಗೆ ಕೊಟ್ಟೆ. ಹೊಸದೆರಡೂ ಒಂದೇ ಪೆಟ್ಟಿಗೆಯಲ್ಲಿದ್ದವು. ಬಣ್ಣ ಹೊಡೆದು ಥಳಥಳ ಎನ್ನುತ್ತಿದ್ದವು. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿ ಬೋಲ್ಟು ಬಿಗಿದೆ. ಎರಡೂ ಸರಿಯಾಗಿ ಕೂತವು.

ಪೈಪು ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರಿಕೊಂಡಿರುತ್ತದೆ. ಅದನ್ನು ಹೊರಗೆ ಹಾಕಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಕ್ಯಾಲಿಪರಿನಲ್ಲಿರುವ ಸಣ್ಣ ಏರ್ ಸ್ಕ್ರೂವನ್ನು ಸಡಿಲ ಮಾಡಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ.

ಅತ್ತೆ ಸೀರೆ ಸ್ವಲ್ಪ ಎತ್ತಿ ಕಟ್ಟಿ, ಚಪ್ಪಲಿ ಕೆಳಗೆ ಬಿಟ್ಟು, ಡ್ರೈವರ್ ಸೀಟಿಗೆ ಹತ್ತಿ ಕೂತರು. ಆ ಸೀಟಿನಲ್ಲಿ ಅವರು ಕೂತಿದ್ದು ಅದೇ ಮೊದಲು. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ರಸ್ತೆ ನೋಡುವವರ ಹಾಗೆ ಎದುರಿನ ಗೋಡೆ ನೋಡುತ್ತಿದ್ದರು.

"ಒತ್ತಿ ಅತ್ತೆ. ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ."

"ಹಿಡ್ದೆ."

"ಈಗ ಬಿಡಿ."

"ಬಿಟ್ಟೆ. ಮತ್ತೆ ಒತ್ಲಾ?"

ಏರ್ ಸ್ಕ್ರೂಗೆ ಸಿಕ್ಕಿಸಿದ ಸಣ್ಣ ಪ್ಲಾಸ್ಟಿಕ್ ಪೈಪಿನಲ್ಲಿ ಮೊದಲು ಗುಳ್ಳೆ ಬಂದವು. ಆಮೇಲೆ ಗುಳ್ಳೆ ನಿಂತು ಶುದ್ಧ ಆಯಿಲ್ ಬಂತು. ಇನ್ನೊಂದು ಚಕ್ರದಲ್ಲೂ ಹಾಗೆಯೇ. ಅತ್ತೆ ಸಾಲಾಗಿ ನಾಲ್ಕಾರು ಸಲ ಒತ್ತಿ, ಪೆಡಲ್ ಮೇಲೆಯೇ ನಿಲ್ಲುತ್ತದೆ ಎಂದರು. ಚಕ್ರ ಹಾಕಿ, ವ್ಯಾನು ಇಳಿಸಿ, ನಾನೊಬ್ಬಳೇ ಸ್ಟಾರ್ಟ್ ಮಾಡಿ ಗೇಟು ದಾಟಿದೆ.

ಗೇಟಿನ ಆಚೆ ಇಳಿಜಾರು. ಅದರ ಬುಡದಲ್ಲಿ ಗಿರಣಿಯ ಹಿಂಭಾಗ. ಮೊದಲ ಗೇರಿನಲ್ಲಿ ನಿಧಾನಕ್ಕೆ ಇಳಿಯುತ್ತ ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ ಕೆಳಗೆ ಹೋಗಿ ನೆಲಕ್ಕೆ ತಾಗಿತು. ಕಾಲಿನ ಅಡಿಗೆ ಏನೂ ಇಲ್ಲದ ಹಾಗೆ. ಹ್ಯಾಂಡ್ ಬ್ರೇಕ್ ಎಳೆದೆ. ವೇಗ ತಗ್ಗಿತು, ನಿಲ್ಲಲಿಲ್ಲ. ಎದುರಿಗೆ ಗಿರಣಿಯ ಗೋಡೆ, ಅದರ ಪಕ್ಕ ಆಳೆತ್ತರದ ಉಮಿಯ ರಾಶಿ. ಗೋಡೆ ಬಿಟ್ಟು ಉಮಿಯ ಕಡೆ ತಿರುಗಿಸಿದೆ.

ಸದ್ದೇ ಆಗಲಿಲ್ಲ. ವ್ಯಾನು ಹಾಸಿಗೆಗೆ ತಲೆಯಿಟ್ಟ ಹಾಗೆ ಉಮಿಯೊಳಗೆ ಹೋಗಿ ನಿಂತಿತು. ಗಾಜಿನ ತುಂಬ ಉಮಿ. ತೆರೆದ ಕಿಟಕಿಯಿಂದ ನನ್ನ ಮಡಿಲಿಗೂ, ತಲೆಗೂ, ಬಾಯಿಗೂ ಉಮಿ.

ಗಿರಣಿಯ ಲೆಕ್ಕ ಬರೆಯುವ ರೈಟರು ಓಡಿ ಬಂದು ಬಾಗಿಲು ತೆಗೆದರು. "ಎಂತ ಆಯ್ತಮ್ಮಾ? ಪೆಟ್ಟಾಯ್ತಾ?"

"ಇಲ್ಲ. ಬ್ರೇಕ್ ಹೋಯ್ತು."

"ಬೆಳಿಗ್ಗೆ ನೀವೇ ಬಿಚ್ತಾ ಇದ್ರಿ ಅಲ್ವಾ?"

ನಾನು ಬಾಯಿಯಲ್ಲಿದ್ದ ಉಮಿ ಉಗಿಯುವುದರಲ್ಲಿ ಮಗ್ನಳಾದೆ. ಅತ್ತೆ ಬರಿಗಾಲಲ್ಲೇ ಇಳಿಜಾರು ಇಳಿದು ಬಂದು ನನ್ನ ತಲೆ, ಕೈ, ಮೊಣಕಾಲು ಎಲ್ಲ ಮುಟ್ಟಿ ನೋಡಿದರು. ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ, "ನಾನು ಸರೀ ಒತ್ಲಿಲ್ವೇನೇ?" ಎಂದು ಮೆಲ್ಲಗೆ ಕೇಳಿದರು. ಅವರ ಮುಖ ನೋಡಿ ನನಗೆ ಅಳು ಬಂತು.

"ನಿಮ್ಮದೇನೂ ತಪ್ಪಿಲ್ಲ ಅತ್ತೆ. ಎಂತದೋ ನಂಗೇ ಗೊತ್ತಾಗದೆ ಉಳ್ಕೊಂಡಿದೆ."

ಗಿರಣಿಯ ಟ್ರ್ಯಾಕ್ಟರಿನಿಂದ ವ್ಯಾನನ್ನು ಎಳೆದು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. ಸಂಜೆ ಯಜಮಾನರು ಬಂದವರು ಚೀಲ ಕೆಳಗಿಡುವ ಮುಂಚೆಯೇ ಶುರು ಮಾಡಿದರು.

"ಅಲ್ಲ ಮಾರಾಯ್ತಿ, ನೀನು ಉಮಿಯೊಳಗೆ ಹೋಗಿದ್ದು ನಂಗೆ ಬಸ್ಸಲ್ಲೇ ಗೊತ್ತಾಯ್ತು. ಟಿಕೆಟ್ ತಗೊಳ್ಳೋ ಹೊತ್ತಿಗೇ."

ನಾನು ಅವರ ಕೈಯಿಂದ ಚೀಲ ಇಸಿದುಕೊಂಡೆ.

"ಎನ್.ಆರ್. ಪುರಕ್ಕೆ ಜೀಪು ಹೇಳಿಬಿಡ್ತೀನಿ. ವ್ಯಾನು ಗ್ಯಾರೇಜಿನವರು ಬಂದ ಮೇಲೆ ನೋಡೋಣ."

ಅತ್ತೆ ಒಳಗಿನಿಂದಲೇ ಮಾತಾಡಿದರು. "ನಾಳೆ ಸಂಜೆವರೆಗೂ ತಡಿ. ಅವಳು ನೋಡ್ಲಿ."

"ಎಂತ ನೋಡೋದು ಅಮ್ಮಾ? ಗೋಡೆ ಬದಿಗೆ ಹೋಗಿದ್ರೆ?"

"ಹೋಗ್ಲಿಲ್ವಲ್ಲ. ಅವಳು ತಿರುಗಿಸಿದಾಳೆ."

ಯಜಮಾನರು ಯೋಚನೆ ಮಾಡಿ ಒಂದೇ ಮಾತು ಹೇಳಿದರು. ಖಾಲಿ ವ್ಯಾನನ್ನು ಮಟ್ಟದ ಜಾಗದಲ್ಲಿ ಓಡಿಸಿ ನೋಡಿ, ಆಮೇಲೆ ಇಳಿಜಾರಿನಲ್ಲಿ ನೋಡಿ, ಎರಡೂ ಸರಿಯಿದ್ದರೆ ಮಾತ್ರ ಪಾತ್ರೆ ಹೇರಬೇಕು. ಇಲ್ಲವಾದರೆ ಜೀಪು. ನ್ಯಾಯವಾದ ಮಾತು. ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಅವರು ಬಸ್ಸಿಗೆ ಹೋದ ಮೇಲೆ ನಾವಿಬ್ಬರೂ ಅಂಗಳಕ್ಕಿಳಿದೆವು. ಆಯಿಲ್ ಸೋರುತ್ತಿದೆಯೇ ಎಂದು ಮೊದಲು ನೋಡಿದೆ. ಪೈಪು ಸೇರುವ ಕಡೆಯೆಲ್ಲ ಒಣ ಬಟ್ಟೆಯಿಂದ ಒರೆಸಿ, ಅತ್ತೆಯಿಂದ ಪೆಡಲ್ ಒತ್ತಿಸಿ, ಮತ್ತೆ ಒರೆಸಿದೆ. ಬಟ್ಟೆ ಒಣಗಿಯೇ ಇತ್ತು. ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ಮಟ್ಟ ಇಳಿದಿರಲಿಲ್ಲ. ಹಿಂದಿನ ಚಕ್ರದ ಡ್ರಮ್ ಬಿಚ್ಚಿ ನೋಡಿದೆ, ಅಲ್ಲೂ ತೇವವಿಲ್ಲ. ಮತ್ತೆ ನಾಲ್ಕೂ ಚಕ್ರದಿಂದ ಗಾಳಿ ತೆಗೆದೆವು. ಬಾಟಲಿ ಆಯಿಲ್ ಮುಗಿಯುತ್ತ ಬಂತು.

"ಅತ್ತೆ, ಈಗ ಹೇಗಿದೆ?"

"ಹಣ್ಣಾದ ಹಲಸಿನ ಮೇಲೆ ಕಾಲಿಟ್ಟಂಗಿದೆ."

"ಬೇಗ ಬೇಗ ಒತ್ತಿ ನೋಡಿ."

"ಬೇಗ ಒತ್ತಿದ್ರೆ ಗಟ್ಟಿ ಆಗತ್ತೆ. ಸ್ವಲ್ಪ ಬಿಟ್ಟು ಒತ್ತಿದ್ರೆ ಮತ್ತೆ ಹಲಸು."

ಅದು ನನಗೆ ದೊಡ್ಡ ಸುದ್ದಿ. ಒಳಗೆ ಗಾಳಿ ಇದ್ದರೆ ಹಾಗಾಗುತ್ತದೆ. ಮೊದಲ ದಿನ ಅಂಗಳದಲ್ಲಿ ಪೆಡಲ್ ಗಟ್ಟಿ ಕಂಡದ್ದೂ ಅದಕ್ಕೇ. ಅತ್ತೆ ಸಾಲಾಗಿ ಒತ್ತಿದ್ದರು. ನಾನು ಗೇಟು ತೆಗೆದು, ಸ್ಟಾರ್ಟ್ ಮಾಡಿ, ಇಳಿಜಾರಿಗೆ ಬರುವಷ್ಟರಲ್ಲಿ ಅದು ಮತ್ತೆ ಮೆತ್ತಗಾಗಿತ್ತು. ಅಂದರೆ ಗಾಳಿ ಎಲ್ಲೋ ಉಳಿದುಕೊಂಡಿದೆ. ಎಷ್ಟು ತೆಗೆದರೂ ಬರುತ್ತಿಲ್ಲ. ಎಲ್ಲಿದೆ?

ಅಪ್ಪ ನೀರಿನ ಲೈನಿನಲ್ಲಿ ತೊಂದರೆ ಎಲ್ಲಿದೆ ಎಂದು ಹುಡುಕುವಾಗ ಒಂದೊಂದೇ ಗೇಟ್‌ವಾಲ್ವ್ ಮುಚ್ಚುತ್ತ ಹೋಗುತ್ತಿದ್ದರು. ಮುಚ್ಚಿದಾಗ ತೊಂದರೆ ನಿಂತರೆ ಅದು ಆ ವಾಲ್ವಿನ ಆಚೆಗಿದೆ. ಬ್ರೇಕಿನ ಲೈನಿಗೆ ವಾಲ್ವ್ ಇಲ್ಲ, ಆದರೆ ಚಕ್ರದ ಹತ್ತಿರ ರಬ್ಬರಿನ ಹೋಸ್ ಇದೆ. ಅದನ್ನು ಹಿಸುಕಿ ಹಿಡಿದರೆ ಅದೇ ವಾಲ್ವ್. ಮುರಿದ ಬೆಂಚಿನ ಕಾಲುಗಳಿಗೆ ಅಂಟು ಹಾಕಿ ಬಿಗಿಯಲು ನಮ್ಮಲ್ಲಿ ಎರಡು ಕ್ಲಾಂಪ್ ಇದ್ದವು. ಹೋಸಿಗೆ ಗಾಯವಾಗದ ಹಾಗೆ ದಪ್ಪ ಬಟ್ಟೆ ಸುತ್ತಿ, ಎರಡು ನುಣುಪಾದ ಮರದ ತುಂಡುಗಳ ನಡುವೆ ಇಟ್ಟು, ಮುಂದಿನ ಎರಡೂ ಹೋಸುಗಳನ್ನು ಕ್ಲಾಂಪಿನಿಂದ ಹದವಾಗಿ ಬಿಗಿದೆ.

"ಒತ್ತಿ ಅತ್ತೆ."

ಮೇಲಿನಿಂದ ದೊಡ್ಡ ದನಿ.

"ಒರಳುಕಲ್ಲು!"

"ಬಿಟ್ಟು, ಸ್ವಲ್ಪ ತಡೆದು ಮತ್ತೆ ಒತ್ತಿ."

"ಒರಳುಕಲ್ಲೇ ಕಣೆ. ಹಂದಾಡಲ್ಲ!"

ಪೆಡಲಿನಿಂದ ಹಿಂದಿನ ಚಕ್ರದವರೆಗೆ ಎಲ್ಲ ಸರಿಯಿದೆ ಎಂದಾಯಿತು. ತೊಂದರೆ ಇರುವುದು ಮುಂದೆ. ಎಡಗಡೆಯ ಕ್ಲಾಂಪ್ ಒಂದನ್ನೇ ಬಿಚ್ಚಿದೆ. ಅತ್ತೆ "ಹಲಸು" ಎಂದರು. ಅದನ್ನು ಮತ್ತೆ ಬಿಗಿದು ಬಲಗಡೆಯದನ್ನು ಬಿಚ್ಚಿದೆ. "ಇದೂ ಹಲಸೇ." ಒಂದು ಕಡೆ ಮಾತ್ರ ಇದ್ದಿದ್ದರೆ ಯಾವುದೋ ವಾಷರ್ ಕೈಕೊಟ್ಟಿದೆ ಎನ್ನಬಹುದಿತ್ತು. ಎರಡೂ ಕಡೆ ಒಂದೇ ರೀತಿ ಇದೆ ಎಂದರೆ, ಎರಡೂ ಕಡೆ ನಾನು ಒಂದೇ ತಪ್ಪನ್ನು ಮಾಡಿದ್ದೇನೆ. ಆದರೆ ಯಾವ ತಪ್ಪು? ಕ್ಯಾಲಿಪರಿನ ಎದುರು ಕುಕ್ಕರಗಾಲಲ್ಲಿ ಕೂತು ನೋಡಿದೆ, ನೋಡಿದೆ. ಬೋಲ್ಟು ಬಿಗಿ ಇದೆ. ಪ್ಯಾಡ್ ಕೂತಿದೆ. ಹೋಲಿಸಿ ನೋಡೋಣವೆಂದರೆ ಹಳೆಯದೆರಡೂ ಶಿವಮೊಗ್ಗದಲ್ಲಿವೆ.

"ಊಟ ಮಾಡು ಬಾ. ಹೊಟ್ಟೆಗಿಲ್ಲದೆ ತಲೆ ಓಡಲ್ಲ" ಎಂದು ಅತ್ತೆ ಇಳಿದರು. ಸ್ವಲ್ಪ ಕುಂಟುತ್ತಿದ್ದರು. ಒತ್ತಿ ಒತ್ತಿ ಯಾವ ಕಾಲು ನೋಯುತ್ತಿದೆ ಎಂದು ಕೇಳಿದೆ. ಎರಡೂ ಕಾಲನ್ನು ಒಟ್ಟಿಗೇ ಪೆಡಲಿನ ಮೇಲೆ ಇಟ್ಟಿದ್ದರಂತೆ.

ಊಟ ಮುಗಿಸಿ, ಇನ್ನೊಂದು ಬಾಟಲಿ ಬ್ರೇಕ್ ಆಯಿಲ್ ತರಲು ಪೇಟೆಗೆ ನಡೆದೆ. ಆಸ್ಪತ್ರೆಯ ರಸ್ತೆಯಲ್ಲಿ, ಮರದ ನೆರಳಲ್ಲಿ, ಒಂದು ಆಂಬ್ಯುಲೆನ್ಸ್ ನಿಂತಿತ್ತು. ಬಿಳಿಯ ಓಮ್ನಿ. ನಮ್ಮದೇ ಮಾದರಿ.

ಆಂಬ್ಯುಲೆನ್ಸಿನ ಡ್ರೈವರು ಕಾಣಿಸಲಿಲ್ಲ. ಮುಂದಿನ ಚಕ್ರದ ಹತ್ತಿರ ಬಗ್ಗಿ ನೋಡಿದೆ, ಚಕ್ರ ಅಡ್ಡ ಬಂತು. ಕೂತು ನೋಡಿದೆ, ಆಗಲೂ ಸರಿ ಕಾಣಲಿಲ್ಲ. ಸುತ್ತ ಒಂದು ಸಲ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಯಲ್ಲೇ ಮಲಗಿ ತಲೆಯನ್ನು ವ್ಯಾನಿನ ಅಡಿಗೆ ತೂರಿಸಿದೆ.

ಕಂಡಿತು. ಕ್ಯಾಲಿಪರ್ ಅದೇ. ಹೋಸ್ ಅದೇ. ಏರ್ ಸ್ಕ್ರೂ ಮಾತ್ರ ಕ್ಯಾಲಿಪರಿನ ನೆತ್ತಿಯ ಮೇಲಿತ್ತು. ನಮ್ಮ ವ್ಯಾನಿನಲ್ಲಿ ಅದು ಕ್ಯಾಲಿಪರಿನ ಕೆಳಗಿತ್ತು!

ಒಮ್ಮೆಗೇ ಎಲ್ಲ ಬೆಳಕಾಯಿತು. ಗಾಳಿ ಯಾವಾಗಲೂ ಆಯಿಲಿನ ಮೇಲೆ ಹೋಗಿ ನಿಲ್ಲುತ್ತದೆ. ನನ್ನ ಸ್ಕ್ರೂ ಕೆಳಗಿದ್ದುದರಿಂದ ಎಷ್ಟು ಸಲ ತೆರೆದರೂ ಆಯಿಲ್ ಹೊರಗೆ ಬರುತ್ತಿತ್ತು, ಗಾಳಿ ಮೇಲೆ ಹಾಯಾಗಿ ಕೂತಿತ್ತು. ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿದ್ದೆ. ಎರಡೂ ಅದಲು ಬದಲು. ಬೋಲ್ಟು ಎರಡು ಕಡೆಗೂ ಕೂರುತ್ತದೆ, ಹಾಗಾಗಿ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಕೂಗಿಕೊಂಡಿದ್ದು ಕೇಳಿಸಿತು. "ಅಯ್ಯೋ, ಬನ್ರೋ! ಯಾರೋ ಆಂಬ್ಯುಲೆನ್ಸ್ ಅಡಿಗೆ ಬಿದ್ದಿದಾರೆ!"

ವ್ಯಾನು ಅಲುಗಾಡಿತು. ಡ್ರೈವರು ಒಳಗೆ ಹಿಂದಿನ ಸ್ಟ್ರೆಚರಿನ ಮೇಲೆ ಮಲಗಿದ್ದನಂತೆ. ಧಡಕ್ಕನೆ ಇಳಿದು ಬಂದವನಿಗೆ ಕಂಡದ್ದು ಚಕ್ರದ ಪಕ್ಕ ಚಾಚಿಕೊಂಡಿದ್ದ ನನ್ನ ಕಾಲುಗಳು.

"ಅಕ್ಕಾ! ನಾನು ಗಾಡಿ ಸ್ಟಾರ್ಟೇ ಮಾಡ್ಲಿಲ್ಲ ಅಕ್ಕಾ!" ಎಂದು ಅವನು ನನಗಿಂತ ಸುತ್ತ ಸೇರಿದ ಜನರಿಗೆ ಹೇಳತೊಡಗಿದ.

ನಾನು ಹೊರಗೆ ಬಂದು ಎದ್ದು ನಿಂತೆ. ಬೆನ್ನಿನ ತುಂಬ ಧೂಳು, ಮುಖದ ತುಂಬ ನಗು. "ಏನೂ ಆಗ್ಲಿಲ್ಲ ಅಣ್ಣ. ನಿಮ್ಮ ಏರ್ ಸ್ಕ್ರೂ ಎಲ್ಲಿದೆ ಅಂತ ನೋಡ್ತಾ ಇದ್ದೆ."

"ಎಂತದ್ದು?"

"ಮೇಲಿದೆ. ಬಹಳ ಉಪಕಾರ ಆಯ್ತು."

ಇವಳಿಗೆ ತಲೆಗೇ ಪೆಟ್ಟು ಬಿದ್ದಿರಬೇಕು ಎಂದು ಯಾರೋ ಅಂದರು. ಒಳಗೆ ಹೋಗಿ ಡಾಕ್ಟರಿಗೆ ತೋರಿಸಿ ಎನ್ನುತ್ತ, ಮೊದಲು ಕೂಗಿಕೊಂಡಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡರು. ಅವರಿಂದ ಬಿಡಿಸಿಕೊಂಡು ಆಯಿಲ್ ಬಾಟಲಿಯನ್ನೂ ನಾಲ್ಕು ತಾಮ್ರದ ವಾಷರನ್ನೂ ತೆಗೆದುಕೊಂಡು ಮನೆಗೆ ಹೆಚ್ಚುಕಮ್ಮಿ ಓಡಿಯೇ ಬಂದೆ.

"ಅತ್ತೆ, ಸಿಕ್ತು! ಎಡಬಲ ಅದಲುಬದಲಾಗಿದೆ!"

ಅತ್ತೆ ಕೈಯಲ್ಲಿದ್ದ ಸೌಟು ಅಲ್ಲೇ ಇಟ್ಟು ಬಂದರು. ಸ್ಕ್ರೂ ಕೆಳಗಿರುವುದನ್ನು ತೋರಿಸಿದೆ, ಗಾಳಿ ಮೇಲೆ ನಿಲ್ಲುವುದನ್ನು ಅರ್ಧ ನೀರು ತುಂಬಿದ ಬಾಟಲಿ ಮಗುಚಿ ತೋರಿಸಿದೆ. ಅವರು ಬಾಟಲಿ ಇಸಿದುಕೊಂಡು ತಾವೂ ಒಂದು ಸಲ ಮಗುಚಿ ನೋಡಿದರು.

"ಹಂಗಾದ್ರೆ ನಾವು ಗಾಳಿಗೆ ಬಾಗಿಲು ತೆಗೆದಿದ್ದು ನೆಲಮಾಳಿಗೇಲಿ. ಅದು ಇದ್ದಿದ್ದು ಅಟ್ಟದ ಮೇಲೆ."

"ಅಷ್ಟೇ ಅತ್ತೆ."

"ಹಾಳಾದ್ದು. ಬಿಚ್ಚು, ಬಿಚ್ಚು."

ಬಿಚ್ಚಿ ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಕೂರಿಸಿದೆ. ಹೋಸ್ ಸೇರುವ ಕಡೆ ಹೊಸ ವಾಷರ್ ಹಾಕಿ ಬಿಗಿದೆ. ಅತ್ತೆ ಸೀಟಿಗೆ ಹತ್ತಿದರು. ಏರ್ ಸ್ಕ್ರೂ ತೆರೆದದ್ದೇ ತಡ, ಪ್ಲಾಸ್ಟಿಕ್ ಪೈಪಿನಲ್ಲಿ ಬುಳುಬುಳು ಎಂದು ಗುಳ್ಳೆ ಬಂದವು. ಸಣ್ಣ ಗುಳ್ಳೆಯಲ್ಲ, ಉದ್ದುದ್ದ ಗಾಳಿಯ ತುಂಡುಗಳು. ನಾನು ಕೆಳಗಿನಿಂದ ಕಿರುಚಿದೆ. "ಬಂತು ಅತ್ತೆ! ಗಾಳಿ ಬಂತು!" "ಎಷ್ಟು ಬಂತೇ?" "ಮೊಳಗಟ್ಟಲೆ!" ಮತ್ತೆ ಒತ್ತು, ಮತ್ತೆ ಗಾಳಿ. ಬಲಗಡೆಯೂ ಅದೇ. ಕೊನೆಗೆ ಪೈಪಿನಲ್ಲಿ ಒಂದೇ ಒಂದು ಗುಳ್ಳೆಯೂ ಇಲ್ಲದೆ ಜೇನಿನ ಬಣ್ಣದ ಆಯಿಲ್ ಹರಿಯಿತು. ಸ್ಕ್ರೂ ಬಿಗಿದೆ.

"ಈಗ ಒತ್ತಿ. ಒಂದೇ ಸಲ."

ಅತ್ತೆ ಒತ್ತಿದರು. ನಾನು ಎದ್ದು ಕಿಟಕಿಯಲ್ಲಿ ಇಣುಕಿದೆ. ಅವರು ಎರಡೂ ಪಾದಗಳನ್ನು ಪೆಡಲಿನ ಮೇಲಿಟ್ಟು, ಬೆನ್ನನ್ನು ಸೀಟಿಗೆ ಒತ್ತಿ, ಸ್ಟಿಯರಿಂಗ್ ಹಿಡಿದು, ಇಡೀ ಮೈಯ ಬಲ ಹಾಕುತ್ತಿದ್ದರು. ಪೆಡಲ್ ಅಲ್ಲಾಡುತ್ತಿರಲಿಲ್ಲ. ಅವರ ಮುಖ ಅರಳಿಕೊಂಡಿತ್ತು.

"ಸಾಕು ಅತ್ತೆ, ಮುರಿದು ಹೋದೀತು."

"ತಡಿ. ಇನ್ನೊಂದ್ಸಲ."

ಗಿರಣಿಯ ಭತ್ತ ಒಣಗಿಸುವ ಕಣ ವಿಶಾಲವಾಗಿ ಮಟ್ಟಸವಾಗಿತ್ತು. ಮೊದಲ ಗೇರಿನಲ್ಲಿ, ಕೈಯನ್ನು ಹ್ಯಾಂಡ್ ಬ್ರೇಕಿನ ಮೇಲೆಯೇ ಇಟ್ಟುಕೊಂಡು, ಹೆಜ್ಜೆಗೊಮ್ಮೆ ಬ್ರೇಕ್ ಒತ್ತಿ ನೋಡುತ್ತ ಇಳಿಜಾರನ್ನು ಇಳಿದೆ. ರೈಟರು ಕಂಬದ ಹಿಂದೆ ಹೋಗಿ ನಿಂತರು. ಹಮಾಲರೆಲ್ಲ ಕೆಲಸ ಬಿಟ್ಟು ಜಗಲಿಗೆ ಬಂದರು. ಕಣದಲ್ಲಿ ಮೊದಲು ನಿಧಾನಕ್ಕೆ ಒಂದು ಸುತ್ತು ಬಂದು ಒತ್ತಿದೆ, ನಿಂತಿತು. ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಇನ್ನೂ ಜೋರಾಗಿ. ಕೊನೆಯ ಸಲ ಕಣದ ತುದಿಯಿಂದ ಎರಡನೆಯ ಗೇರಿನಲ್ಲಿ ಬಂದು ಗಟ್ಟಿಯಾಗಿ ಒತ್ತಿದಾಗ ವ್ಯಾನು ಮೂಗು ಕೆಳಗೆ ಮಾಡಿ ಇದ್ದಲ್ಲೇ ನಿಂತಿತು. ಎಡಕ್ಕೆ ಒಂದಿಷ್ಟೂ ಎಳೆಯಲಿಲ್ಲ.

ರೈಟರು ಕಂಬದ ಹಿಂದಿನಿಂದ ಹೊರಗೆ ಬಂದರು. "ಇವತ್ತು ಉಮಿ ಬೇಡ್ವಾ ಅಮ್ಮಾ?"

"ಇವತ್ತು ಬೇಡ. ಬೇಕಾದ್ರೆ ಹೇಳಿ ಕಳಿಸ್ತೀನಿ" ಎಂದೆ.

ಜಗಲಿಯ ಮೇಲೆ ಎಲ್ಲರೂ ನಕ್ಕರು. ಅವರೂ ನಕ್ಕರು. ನಾನು ನಮ್ಮ ಇಳಿಜಾರನ್ನು ಹತ್ತಿ, ಇಳಿದು, ನಡುವೆ ನಿಲ್ಲಿಸಿ, ಮತ್ತೆ ಹತ್ತಿ, ಮತ್ತೆ ಇಳಿದೆ. ಪೆಟ್ರೋಲ್ ಹೋದರೆ ಹೋಗಲಿ ಎನಿಸಿತು. ಯಜಮಾನರು ಬಸ್ಸಿಳಿದು ಬರುವಾಗ ನಾನು ಇಳಿಜಾರಿನ ನಡುವೆ ಬ್ರೇಕ್ ಒತ್ತಿ ನಿಂತಿದ್ದೆ. ಅವರು ಕಿಟಕಿಯ ಹತ್ತಿರ ಬಂದು ನನ್ನ ಕಾಲಿನ ಕಡೆ ನೋಡಿದರು, ಚಕ್ರದ ಕಡೆ ನೋಡಿದರು.

"ನಿಂತಿದೆಯಾ?"

"ನಿಂತಿದೆ."

"ಹ್ಯಾಂಡ್ ಬ್ರೇಕು?"

"ಹಾಕಿಲ್ಲ."

ಅವರು ಚೀಲವನ್ನು ಹಿಂದಿನ ಸೀಟಿಗೆ ಇಟ್ಟು ಪಕ್ಕದಲ್ಲಿ ಹತ್ತಿ ಕೂತರು. "ನಡಿ ಹಂಗಾದ್ರೆ. ಮನೆವರೆಗೂ ಬರ್ತೀನಿ." ಅವರು ತಾವಾಗಿ ಆ ವ್ಯಾನು ಹತ್ತಿದ್ದೇ ಅಪರೂಪ.

ಮರುದಿನ ಬೆಳಿಗ್ಗೆ ಪೆಡಲನ್ನು ಇನ್ನೊಮ್ಮೆ ಒತ್ತಿ ನೋಡಿ, ಚಕ್ರದ ಹಿಂದೆಲ್ಲ ಬಟ್ಟೆಯಿಂದ ಒರೆಸಿ ನೋಡಿ, ಆಮೇಲೆ ಪಾತ್ರೆ ಹೇರಿದೆವು. ಕೊಪ್ಪರಿಗೆಯೊಳಗೆ ಹಂಡೆ, ಹಂಡೆಯೊಳಗೆ ಬೋಗುಣಿ, ನಡುವೆ ಗೋಣಿ. ಅತ್ತೆ ಮುಂದೆ ಕೂತರು. ಸಾಮಾನ್ಯವಾಗಿ ಅವರು ಸಾಮಾನಿನ ಜೊತೆ ಬರುತ್ತಿರಲಿಲ್ಲ. ಆವತ್ತು ಅವರನ್ನು ಬಿಟ್ಟು ಹೋಗುವ ಧೈರ್ಯ ನನಗೂ ಇರಲಿಲ್ಲ.

ನರಸಿಂಹರಾಜಪುರದ ರಸ್ತೆಯಲ್ಲಿ ಒಂದು ಇಳುಕಲು, ಅದರ ಕೊನೆಗೆ ತಿರುವು. ತಿರುವು ದಾಟಿದ್ದೇ ತಡ, ಎದುರಿಗೆ ಬಸ್ಸೊಂದು ರಸ್ತೆಯ ನಡುವೆಯೇ ನಿಂತು ಜನ ಇಳಿಸುತ್ತಿತ್ತು. ಅದರ ಬಲಕ್ಕೆ ಎದುರಿನಿಂದ ಲಾರಿ ಬರುತ್ತಿತ್ತು. ಹೋಗಲು ಜಾಗವೇ ಇಲ್ಲ.

ಬ್ರೇಕ್ ಒತ್ತಿದೆ. ಪಕ್ಕದಲ್ಲಿ ಅತ್ತೆಯ ಎರಡೂ ಕಾಲುಗಳು ಖಾಲಿ ನೆಲವನ್ನು ಬಲವಾಗಿ ಒತ್ತಿದ್ದು ಕಣ್ಣಂಚಿನಲ್ಲಿ ಕಂಡಿತು. ವ್ಯಾನು ನೇರಕ್ಕೆ, ಗಟ್ಟಿಯಾಗಿ, ಬಸ್ಸಿನ ಹಿಂದೆ ಸಾಕಷ್ಟು ಜಾಗ ಬಿಟ್ಟು ನಿಂತಿತು. ಹಿಂದೆ ಕೊಪ್ಪರಿಗೆ, ಹಂಡೆ, ಲೋಟ, ಸೌಟುಗಳೆಲ್ಲ ಒಟ್ಟಿಗೇ ಮುಂದಕ್ಕೆ ಸರಿದು ದೇವಸ್ಥಾನದ ಮಂಗಳಾರತಿಯ ಹೊತ್ತಿನ ಹಾಗೆ ಸದ್ದಾಯಿತು. ಬಸ್ಸಿನ ಹಿಂದಿನ ಕಿಟಕಿಯಿಂದ ಇಬ್ಬರು ಇಣುಕಿ ನೋಡಿದರು.

ಸದ್ದು ನಿಂತ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಗು ಶುರುವಾಯಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಬಸ್ಸು ಹೊರಟು ಹೋದರೂ ನಾವು ಅಲ್ಲೇ ಇದ್ದೆವು. ಹಿಂದಿನ ಜೀಪಿನವನು ಹಾರ್ನ್ ಹೊಡೆದ ಮೇಲೆಯೇ ಗೇರು ಹಾಕಿದ್ದು.

ಉಪನಯನದ ಮನೆಯಲ್ಲಿ ಅಡಿಗೆಯವರು ಒಲೆಯ ಹತ್ತಿರ ಕಾಯುತ್ತಿದ್ದರು. ಪಾತ್ರೆ ಇಳಿಸುವಾಗ ಅವರಲ್ಲಿ ಹಿರಿಯರೊಬ್ಬರು, "ಗಾಡಿ ಯಾರು ತಂದಿದ್ದು? ನಿಮ್ಮ ಬ್ರೇಕ್ ಹೋಗಿದೆ ಅಂತ ಸುದ್ದಿ ಇತ್ತಲ್ಲ" ಎಂದರು. ಸುದ್ದಿ ಅಲ್ಲಿಗೂ ಹೋಗಿತ್ತು.

ಅತ್ತೆ ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು. ಗಾಳಿ ಮೇಲೆ ಹೇಗೆ ಅಡಗಿ ಕೂತಿತ್ತು, ಸ್ಕ್ರೂ ಎಲ್ಲಿರಬೇಕಿತ್ತು, ಹೋಸನ್ನು ಬೆಂಚಿನ ಕ್ಲಾಂಪಿನಿಂದ ಹಿಸುಕಿ ಕಳ್ಳನನ್ನು ಮೂಲೆಗೆ ತಳ್ಳಿದ್ದು ಹೇಗೆ, ಎಲ್ಲ ಹೇಳಿದರು. ತಾವು ಪೆಡಲ್ ಒತ್ತಿದ್ದನ್ನು ಹೇಳುವಾಗ ಮಾತ್ರ ಎದ್ದು ನಿಂತು ಮಾಡಿ ತೋರಿಸಿದರು. ಅಡಿಗೆಯವರು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದರು. ನನ್ನ ಆಂಬ್ಯುಲೆನ್ಸ್ ಪ್ರಸಂಗ ಬಂದಾಗ ಹಿರಿಯರು ನಕ್ಕು ಕೆಮ್ಮಿ, ನಮ್ಮಿಬ್ಬರಿಗೂ ಕಾಫಿ ಕೊಡಲು ಹೇಳಿದರು.

ಕಾಫಿ ಕುಡಿದು ಲೋಟ ಕೆಳಗಿಟ್ಟೆವು. ಬೆಂಚು, ಕುರ್ಚಿಗಳು ಇನ್ನೂ ಕೊಪ್ಪದಲ್ಲೇ ಇದ್ದವು. ಮಧ್ಯಾಹ್ನದೊಳಗೆ ಇನ್ನೊಂದು ಸಲ ಬರಬೇಕಿತ್ತು. ಅತ್ತೆ ಸೆರಗು ಬಿಗಿದುಕೊಂಡು ವ್ಯಾನಿನ ಬಾಗಿಲು ತೆಗೆದು, "ನಡಿ ನಡಿ, ಹೊತ್ತಾಯ್ತು" ಎಂದರು. ನಾನು ಸ್ಟಾರ್ಟ್ ಮಾಡಿದೆ.